ಬೋಲ್ಟು ಕೂತರೆ ಸಾಲದು, ಹಿಡಿಯಬೇಕು

ಬೈಕ್ ಮೆಕ್ಯಾನಿಕ್‌ಗಳು ಬೋಲ್ಟನ್ನು ಗುರುತಿಸುವುದು ಸ್ಪ್ಯಾನರ್ ನಂಬರಿನಿಂದ. ಎಂಜಿನ್ ಕವರಿನದು ‘ಹತ್ತರ ಬೋಲ್ಟು’, ಹ್ಯಾಂಡಲ್ ಕ್ಲಾಂಪಿನದು ‘ಹನ್ನೆರಡರದು’, ಎಂಜಿನ್ ಮೌಂಟಿಂಗಿನದು ‘ಹದಿನಾಲ್ಕರದು’. ಗ್ಯಾರೇಜಿನೊಳಗೆ ಇದರಿಂದ ತೊಂದರೆಯೇನಿಲ್ಲ. ಆದರೆ ದಾರಿಯಲ್ಲಿ ಬಿದ್ದುಹೋದ ಬೋಲ್ಟಿಗೆ ಬದಲಿ ತರಲು ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಹತ್ತರ ಬೋಲ್ಟು ಕೊಡಿ’ ಎಂದು ಕೇಳಿದರೆ ಅವರು ಕೊಡುವುದು ಹತ್ತು ಮಿಲಿಮೀಟರ್ ದಪ್ಪದ್ದನ್ನು. ನಮಗೆ ಬೇಕಿದ್ದುದು ಆರು ಮಿಲಿಮೀಟರಿನದು. ಹತ್ತು ಎಂಬುದು ಅದರ ತಲೆಗೆ ಹಾಕುವ ಸ್ಪ್ಯಾನರಿನ ಅಳತೆ. ಅಂಗಡಿಯಲ್ಲಿ ನಡೆಯುವುದು ಥ್ರೆಡ್ ಇರುವ ಕಡ್ಡಿಯ ಅಳತೆ. ಹನ್ನೆರಡರ ಬೋಲ್ಟು ಸಾಮಾನ್ಯವಾಗಿ ಎಂ8, ಅಂದರೆ ಎಂಟು ಮಿಲಿಮೀಟರ್ ದಪ್ಪದ್ದು, ಹದಿನಾಲ್ಕರದು ಎಂ10.

ಈ ತಪ್ಪಿನಿಂದ ಹೆಚ್ಚು ನಷ್ಟವಿಲ್ಲ. ಹತ್ತರದು ಆರರ ತೂತಿಗೆ ಹೋಗುವುದೇ ಇಲ್ಲ, ಅಂಗಡಿಗೆ ಮತ್ತೊಂದು ಸಲ ಹೋಗಿ ಬಂದರೆ ಮುಗಿಯಿತು. ಅಪಾಯ ಇರುವುದು ‘ಹೆಚ್ಚೂ ಕಡಿಮೆ ಸರಿ’ ಇರುವ ಬೋಲ್ಟಿನಲ್ಲಿ. ಅದು ಎರಡು ಮೂರು ಸುತ್ತು ಕೈಯಲ್ಲೇ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಸ್ವಲ್ಪ ತುಕ್ಕಿರಬೇಕು ಎಂದುಕೊಂಡು ಸ್ಪ್ಯಾನರ್ ಹಾಕುತ್ತೇವೆ. ಬೋಲ್ಟು ಉಕ್ಕಿನದು, ಎಂಜಿನ್ ಕೇಸು ಅಲ್ಯೂಮಿನಿಯಂ. ಗಟ್ಟಿಯಾದದ್ದು ಮೆದುವಾದದ್ದನ್ನು ಕೊರೆದುಕೊಂಡು ಒಳಗೆ ಹೋಗುತ್ತದೆ. ಹೊರಗಿನಿಂದ ನೋಡಿದರೆ ಬೋಲ್ಟು ನೀಟಾಗಿ ಕೂತಿರುತ್ತದೆ. ಒಳಗೆ ಥ್ರೆಡ್ ಹೋಗಿರುತ್ತದೆ.

ಬೋಲ್ಟು ಕೆಲವೇ ರೂಪಾಯಿಯ ವಸ್ತು, ಕೆಟ್ಟರೆ ಇನ್ನೊಂದು ತರಬಹುದು. ಅದು ಕೂರುವ ತೂತು ಕ್ರ್ಯಾಂಕ್‌ಕೇಸಿನದೋ, ಫೋರ್ಕ್ ಕಾಲಿನದೋ, ಸಿಲಿಂಡರ್ ಹೆಡ್ಡಿನದೋ ಆಗಿರುತ್ತದೆ. ಅದಕ್ಕೆ ಸುಲಭದಲ್ಲಿ ಬದಲಿ ಇಲ್ಲ. ಬದಲಿ ಬೋಲ್ಟು ಆರಿಸುವಾಗಲೂ ಹಾಕುವಾಗಲೂ ನಮ್ಮ ಮೊದಲ ಕಾಳಜಿ ಆ ತೂತಿನ ಬಗ್ಗೆ ಇರಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಈ ಲೇಖನದಲ್ಲಿ ಹೇಳುವ ಬಹುಪಾಲು ಮಾತುಗಳು ಅಲ್ಲಿಂದಲೇ ಹೊರಡುತ್ತವೆ.

ಅಳೆಯುವುದು ಹೇಗೆ

ಮೊದಲನೆಯದು ದಪ್ಪ. ವರ್ನಿಯರ್ ಕ್ಯಾಲಿಪರ್ ಹಿಡಿದು ಥ್ರೆಡ್‌ನ ಹೊರ ಅಂಚಿಗೆ ಅಳೆದರೆ ಎಂ8 ಬೋಲ್ಟು 7.8ರಿಂದ 7.9 ಮಿಲಿಮೀಟರ್ ತೋರಿಸುತ್ತದೆ, ಸರಿಯಾಗಿ 8 ಎಂದೂ ತೋರಿಸುವುದಿಲ್ಲ. ಇದು ಸಹಜ, ಗಾಬರಿ ಬೇಡ. ಎರಡನೆಯದು ಪಿಚ್, ಅಂದರೆ ಒಂದು ಥ್ರೆಡ್‌ನ ತುದಿಯಿಂದ ಪಕ್ಕದ ಥ್ರೆಡ್‌ನ ತುದಿಗಿರುವ ದೂರ. ಪಿಚ್ ಗೇಜ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹತ್ತು ಥ್ರೆಡ್‌ಗಳ ದೂರ ಅಳೆದು ಹತ್ತರಿಂದ ಭಾಗಿಸಿ. 12.5 ಮಿಲಿಮೀಟರ್ ಬಂದರೆ ಪಿಚ್ 1.25, 15 ಬಂದರೆ 1.5. ಹಳೆಯ ಬೋಲ್ಟು ಕೈಯಲ್ಲಿದ್ದರೆ ಇನ್ನೂ ಸುಲಭ. ಹೊಸದನ್ನೂ ಹಳೆಯದನ್ನೂ ಥ್ರೆಡ್‌ಗೆ ಥ್ರೆಡ್ ಒತ್ತಿ ಹಿಡಿದು ಬೆಳಕಿಗೆ ಎದುರಾಗಿ ನೋಡಿ. ಒಂದರ ಹಲ್ಲು ಇನ್ನೊಂದರ ಸಂದಿಯಲ್ಲಿ ಕೊನೆಯವರೆಗೂ ಕೂತರೆ ಪಿಚ್ ಒಂದೇ. ನಡುವೆ ಎಲ್ಲಾದರೂ ಬೆಳಕು ಇಣುಕಿದರೆ ಅಲ್ಲ.

ಎಂ5ಕ್ಕೆ 0.8, ಎಂ6ಕ್ಕೆ 1.0, ಎಂ8ಕ್ಕೆ 1.25. ಈ ಮೂರರಲ್ಲಿ ಹಾರ್ಡ್‌ವೇರ್ ಅಂಗಡಿಯ ಬೋಲ್ಟಿಗೂ ಬೈಕಿನ ಬೋಲ್ಟಿಗೂ ಸಾಮಾನ್ಯವಾಗಿ ಭೇದವಿಲ್ಲ. ಎಂ10ಕ್ಕೆ ಬಂದ ಕೂಡಲೇ ದಾರಿ ಕವಲೊಡೆಯುತ್ತದೆ. ಗೇಟು, ಶೆಡ್ಡು, ಪಂಪ್‌ಸೆಟ್ಟುಗಳಿಗೆಂದು ಅಂಗಡಿಯಲ್ಲಿ ಇಡುವ ಎಂ10 ಬೋಲ್ಟಿನ ಪಿಚ್ 1.5. ಜಪಾನೀ ಪದ್ಧತಿಯಲ್ಲಿ ತಯಾರಾಗುವ ಬೈಕುಗಳಲ್ಲಿ, ಅಂದರೆ ಹೀರೊ, ಹೋಂಡಾ, ಯಮಹಾ ಮೊದಲಾದವುಗಳಲ್ಲಿ, ಎಂ10 ಎಂದರೆ ಹೆಚ್ಚಾಗಿ 1.25. ಎಂಜಿನ್ ಮೌಂಟಿಂಗು, ಕ್ಯಾಲಿಪರು, ಫುಟ್‌ರೆಸ್ಟ್ ಬ್ರ್ಯಾಕೆಟ್ಟು, ಹೀಗೆ ಭಾರ ಬೀಳುವ ಜಾಗಗಳಲ್ಲೇ ಈ ಅಳತೆ ಸಿಗುತ್ತದೆ. ಮೇಲೆ ಹೇಳಿದ ‘ಎರಡು ಮೂರು ಸುತ್ತು ಹೋಗಿ ಬಿಗಿಯಾಗುವ’ ಬೋಲ್ಟು ಬಹುಪಾಲು ಇದೇ. ಅಂಗಡಿಯಲ್ಲಿ ‘ಎಂ10, ಫೈನ್ ಥ್ರೆಡ್, ಒಂದೂ ಕಾಲು ಪಿಚ್’ ಎಂದು ಬಿಡಿಸಿ ಕೇಳಿ. ಇಲ್ಲ ಎಂದರೆ ವಾಪಸ್ ಬನ್ನಿ. ಇದ್ದುದರಲ್ಲೇ ಸರಿಮಾಡಿಕೊಳ್ಳುವ ಜಾಗ ಇದಲ್ಲ.

ತಲೆಯ ಅಳತೆಯಿಂದಲೂ ಒಂದು ಸುಳಿವು ಸಿಗುತ್ತದೆ. ಅಂಗಡಿಯ ಎಂ8 ಬೋಲ್ಟಿಗೆ 13ರ ಸ್ಪ್ಯಾನರ್, ಎಂ10ಕ್ಕೆ 17 ಅಥವಾ 16 ಬೇಕು. ಜಪಾನೀ ಪದ್ಧತಿಯ ಬೈಕಿನಲ್ಲಿ ಅದೇ ದಪ್ಪಕ್ಕೆ 12 ಮತ್ತು 14. ಎಂಜಿನ್ ಕವರುಗಳಲ್ಲಿ ಎಂ6ಕ್ಕೆ 8ರ ತಲೆ ಇರುವುದೂ ಉಂಟು. ನಿಮ್ಮ ಬೈಕಿನಲ್ಲಿ ಎಲ್ಲೋ ಒಂದು ಕಡೆ 17ರ ತಲೆ ಒಂಟಿಯಾಗಿ ಕಂಡರೆ ಅದು ಯಾರೋ ಹೊರಗಿನಿಂದ ತಂದು ಹಾಕಿದ್ದಿರಬಹುದು. ಬಿಚ್ಚಿ ಪಿಚ್ ನೋಡುವುದು ಒಳ್ಳೆಯದು.

ಉದ್ದವನ್ನು ಅಳೆಯುವುದು ತಲೆಯ ಕೆಳಗಿನಿಂದ ತುದಿಯವರೆಗೆ. ತಲೆ ತೂತಿನೊಳಗೆ ಮುಳುಗಿ ಸಮತಟ್ಟಾಗುವ ಕೌಂಟರ್‌ಸಂಕ್ ಬೋಲ್ಟಿಗೆ ಮಾತ್ರ ತಲೆಯೂ ಲೆಕ್ಕಕ್ಕೆ ಸೇರುತ್ತದೆ. ಉದ್ದ ಕಡಿಮೆಯಾದರೆ ಥ್ರೆಡ್ ಸಾಕಷ್ಟು ಹಿಡಿಯುವುದಿಲ್ಲ. ಉಕ್ಕಿನ ನಟ್ಟಿನಲ್ಲಿ ಬೋಲ್ಟಿನ ದಪ್ಪದಷ್ಟು ಉದ್ದ ಥ್ರೆಡ್ ಒಳಗಿದ್ದರೆ ಸಾಕು, ಅಲ್ಯೂಮಿನಿಯಂನಲ್ಲಿ ಅದರ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಬೇಕು. ಎಂ6 ಬೋಲ್ಟಿಗೆ 9ರಿಂದ 12 ಮಿಲಿಮೀಟರ್ ಎಂದಾಯಿತು. ಉದ್ದ ಹೆಚ್ಚಾದರೆ ಇನ್ನೂ ಕೆಡುಕು. ತಳ ಮುಚ್ಚಿದ ತೂತಿನಲ್ಲಿ ಬೋಲ್ಟಿನ ತುದಿ ತಳಕ್ಕೆ ತಾಗಿ ನಿಲ್ಲುತ್ತದೆ. ಬಿಗಿಯಾಯಿತು ಎಂದು ಕೈಗೆ ಅನಿಸುತ್ತದೆ, ಆದರೆ ತಲೆ ಕವರನ್ನು ಒತ್ತಿಯೇ ಇರುವುದಿಲ್ಲ. ಇನ್ನಷ್ಟು ತಿರುಗಿಸಿದರೆ ಕೇಸು ಬಿರುಕು ಬಿಡುತ್ತದೆ.

ಎಂಜಿನ್ ಕವರುಗಳಲ್ಲಿ ಒಂದೇ ದಪ್ಪದ, ಬೇರೆ ಬೇರೆ ಉದ್ದದ ಬೋಲ್ಟುಗಳಿರುವುದರಿಂದ ಈ ಎಡವಟ್ಟು ಅಲ್ಲೇ ಹೆಚ್ಚು. ಬಿಚ್ಚುವ ಮೊದಲು ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಚುಚ್ಚಿ, ಬಿಚ್ಚಿದ ಬೋಲ್ಟನ್ನು ಅದರದರ ಜಾಗದಲ್ಲೇ ಸಿಕ್ಕಿಸಿಡಿ. ಮತ್ತೆ ಹಾಕುವಾಗ ಯಾವುದನ್ನೂ ತಿರುಗಿಸದೆ ಎಲ್ಲವನ್ನೂ ತೂತುಗಳಲ್ಲಿ ಇಳಿಬಿಟ್ಟು ಒಮ್ಮೆ ನೋಡಿ. ಬಹುತೇಕ ಎಂಜಿನ್‌ಗಳಲ್ಲಿ ಎಲ್ಲ ತಲೆಗಳೂ ಕವರಿನಿಂದ ಒಂದೇ ಎತ್ತರದಲ್ಲಿ ನಿಲ್ಲಬೇಕು. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಅವು ಅದಲುಬದಲಾಗಿವೆ.

ಇನ್ನು ಶ್ಯಾಂಕ್, ಥ್ರೆಡ್ ಇಲ್ಲದ ನುಣುಪು ಭಾಗ. ಬ್ರೇಕ್ ಲಿವರಿನ ಪಿವಟ್ಟು, ಸೈಡ್ ಸ್ಟ್ಯಾಂಡು, ಕೆಲವು ಶಾಕ್ ಅಬ್ಸಾರ್ಬರ್ ಮೌಂಟಿಂಗುಗಳಲ್ಲಿ ಭಾಗವೊಂದು ತಿರುಗುವುದು ಅಥವಾ ಭಾರ ಹಾಕುವುದು ಈ ನುಣುಪಿನ ಮೇಲೆ. ಅಲ್ಲಿಗೆ ಪೂರ್ತಿ ಥ್ರೆಡ್ ಇರುವ ಬೋಲ್ಟು ಹಾಕಿದರೆ ಥ್ರೆಡ್‌ಗಳು ಅರದಂತೆ ಕೆಲಸ ಮಾಡಿ ಬುಷ್ಷನ್ನು ತಿನ್ನುತ್ತವೆ. ಸಾಲದ್ದಕ್ಕೆ ಪ್ರತಿ ಥ್ರೆಡ್‌ನ ಬುಡವೂ ಬಿರುಕು ಹುಟ್ಟುವ ಜಾಗ.

ತಲೆಯ ಮೇಲಿನ ಅಂಕಿ

ಬೋಲ್ಟಿನ ತಲೆಯ ಮೇಲೆ 8.8, 10.9, 12.9 ಎಂದು ಕೆತ್ತಿರುತ್ತದೆ. ಭಾರತದಲ್ಲಿ ಇದನ್ನು ಐಎಸ್ 1367 ಮಾನಕ ನಿಗದಿ ಮಾಡುತ್ತದೆ. ಚುಕ್ಕಿಗೆ ಮೊದಲಿನ ಅಂಕಿಯನ್ನು ನೂರರಿಂದ ಗುಣಿಸಿದರೆ ಬೋಲ್ಟು ಹರಿಯುವ ಒತ್ತಡ ಮೆಗಾಪ್ಯಾಸ್ಕಲ್‌ಗಳಲ್ಲಿ ಸಿಗುತ್ತದೆ. ಎರಡನೆಯ ಅಂಕಿ, ಅದರ ಹತ್ತರಲ್ಲಿ ಎಷ್ಟು ಪಾಲಿನವರೆಗೆ ಬೋಲ್ಟು ಎಳೆದರೂ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ ಎಂಬುದನ್ನು ಹೇಳುತ್ತದೆ. 8.8 ಎಂದರೆ ಹರಿಯುವುದು 800ಕ್ಕೆ, ಶಾಶ್ವತವಾಗಿ ಉದ್ದವಾಗತೊಡಗುವುದು 640ಕ್ಕೆ. 10.9ರಲ್ಲಿ ಇವು 1000 ಮತ್ತು 900. ಯಾವ ಗುರುತೂ ಇಲ್ಲದ ಅಂಗಡಿಯ ಬೋಲ್ಟನ್ನು ಮೆದುವೆಂದೇ ತಿಳಿದು ನಂಬರ್ ಪ್ಲೇಟಿಗೋ ಮಡ್‌ಗಾರ್ಡಿಗೋ ಬಳಸಿ.

‘ಎಳೆದರೂ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ’ ಎಂಬ ಮಾತಿನಲ್ಲಿ ಬೋಲ್ಟಿನ ಇಡೀ ಕೆಲಸ ಅಡಗಿದೆ. ಬಿಗಿದಾಗ ಬೋಲ್ಟು ಕೂದಲೆಳೆಯಷ್ಟು ಉದ್ದವಾಗುತ್ತದೆ. ಮತ್ತೆ ಕುಗ್ಗಲು ಹವಣಿಸುವ ಆ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಒಣ ಥ್ರೆಡ್‌ನ ಎಂ8 ಬೋಲ್ಟನ್ನು 25 ನ್ಯೂಟನ್ ಮೀಟರ್ ಬಿಗಿದರೆ ಹುಟ್ಟುವ ಒತ್ತು ಸುಮಾರು 15,600 ನ್ಯೂಟನ್, ಹೆಚ್ಚೂ ಕಡಿಮೆ ಒಂದೂವರೆ ಟನ್ ಭಾರ. ಬ್ರೇಕ್ ಹಿಡಿದಾಗ ಕ್ಯಾಲಿಪರಿನ ಎಳೆತವನ್ನು ಬಹುಪಾಲು ತಾಳುವುದು ಈ ಒತ್ತಿನಿಂದ ಎರಡು ಲೋಹಗಳ ನಡುವೆ ಹುಟ್ಟುವ ಘರ್ಷಣೆ. ಒತ್ತು ಕಡಿಮೆಯಾದರೆ ಭಾಗಗಳು ಅತ್ತಿತ್ತ ಜಾರತೊಡಗುತ್ತವೆ, ಬೋಲ್ಟು ಬಾಗತೊಡಗುತ್ತದೆ, ಕೊನೆಗೆ ತುಂಡಾಗುತ್ತದೆ. ಬೈಕಿನಲ್ಲಿ ತುಂಡಾದ ಎಷ್ಟೋ ಬೋಲ್ಟುಗಳು ದುರ್ಬಲವಾಗಿದ್ದವಲ್ಲ, ಸಡಿಲವಾಗಿದ್ದವು.

ಹಾಗಿದ್ದರೆ ಎಲ್ಲ ಕಡೆಗೂ 12.9 ಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಕಪ್ಪು ಬಣ್ಣದ ಅಲನ್ ಬೋಲ್ಟುಗಳು ಬಹುಪಾಲು 12.9ರವೇ, ಸುಲಭವಾಗಿಯೂ ಸಿಗುತ್ತವೆ. ಆದರೆ ಅಷ್ಟೇ ಟಾರ್ಕಿಗೆ ಬಿಗಿದರೆ 12.9 ಕೊಡುವ ಒತ್ತು 8.8ರಷ್ಟೇ. ಬೋಲ್ಟು ಗಟ್ಟಿ ಎಂಬ ಧೈರ್ಯದಲ್ಲಿ ಹೆಚ್ಚು ಬಿಗಿದರೆ ಕಿತ್ತುಬರುವುದು ಅಲ್ಯೂಮಿನಿಯಂ ಥ್ರೆಡ್. ಬೋಲ್ಟಿಗಿಂತ ಮೊದಲು ತೂತು ಸೋಲುವ ಏರ್ಪಾಟನ್ನು ನಾವೇ ಮಾಡಿದಂತಾಗುತ್ತದೆ. ಕಂಪನಿ ಯಾವ ಗ್ರೇಡ್ ಹಾಕಿದೆಯೋ ಅದನ್ನೇ ಹಾಕಿ. ತಲೆ ಉರುಟಾಗಿ, ತೆಳ್ಳಗೆ ಇರುವ ಬಟನ್ ಹೆಡ್ ಅಲನ್ ಬೋಲ್ಟು ಅಂದಕ್ಕೆ ಸರಿ, ಭಾರದ ಜಾಗಕ್ಕಲ್ಲ. ಅದರ ತಲೆಗೂ ಅಲನ್ ಕೀ ಕೂರುವ ಗುಳಿಗೂ ಅಷ್ಟು ಬಲವಿಲ್ಲ.

ಸ್ಟೀಲು, ಕ್ರೋಮು, ಕಡಲು

ಕಾರವಾರದಿಂದ ಮಂಗಳೂರಿನವರೆಗೆ ಕರಾವಳಿಯಲ್ಲಿ ಬೈಕ್ ಇಟ್ಟುಕೊಂಡವರಿಗೆ ತುಕ್ಕಿನ ಕಷ್ಟವನ್ನು ಹೇಳಿಕೊಡಬೇಕಿಲ್ಲ. ಹಾಗಾಗಿ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಬೋಲ್ಟುಗಳ ಮೇಲೆ ಆಸೆ ಹುಟ್ಟುವುದು ಸಹಜ. ಪ್ಯಾನೆಲ್ಲು, ಮಡ್‌ಗಾರ್ಡು, ಕನ್ನಡಿ, ಚೈನ್ ಕವರು ಇಲ್ಲೆಲ್ಲ ಧಾರಾಳವಾಗಿ ಹಾಕಿ. ಆದರೆ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಎ2-70 ಬಗೆಯ ಸ್ಟೇನ್‌ಲೆಸ್ 450 ಮೆಗಾಪ್ಯಾಸ್ಕಲ್ ದಾಟಿದರೆ ಶಾಶ್ವತವಾಗಿ ಉದ್ದವಾಗತೊಡಗುತ್ತದೆ. ಎಂ8ರಲ್ಲಿ ಇದು ಸುಮಾರು 16,500 ನ್ಯೂಟನ್. ಮೇಲಿನ 25 ನ್ಯೂಟನ್ ಮೀಟರಿನ ಲೆಕ್ಕ ನೆನಪಿಸಿಕೊಳ್ಳಿ: ಅಲ್ಲಿ ಬರುವ ಒತ್ತು 15,600. ಅಂದರೆ ಬ್ರೇಕ್ ಹಿಡಿಯುವ ಮೊದಲೇ ಸ್ಟೇನ್‌ಲೆಸ್ ಬೋಲ್ಟು ತನ್ನ ಮಿತಿಯ ಅಂಚಿಗೆ ಬಂದಿರುತ್ತದೆ. 8.8 ಬೋಲ್ಟಿಗೆ ಈ ಮಿತಿ 23,400. ಕ್ಯಾಲಿಪರು, ಡಿಸ್ಕು, ಸ್ಪ್ರಾಕೆಟ್ಟು, ಹ್ಯಾಂಡಲ್ ಕ್ಲಾಂಪು, ಎಂಜಿನ್ ಮೌಂಟಿಂಗುಗಳಿಗೆ ಅಂಗಡಿಯ ಸ್ಟೇನ್‌ಲೆಸ್ ಬೇಡ.

ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನೇ ಹಾಕಿ ಒಣದಾಗಿ ತಿರುಗಿಸಿದರೆ ನಡುವೆಯೇ ಕಚ್ಚಿಕೊಂಡು ಬೆಸುಗೆ ಹಾಕಿದಂತಾಗುವುದೂ ಉಂಟು. ಅಲ್ಯೂಮಿನಿಯಂ ತೂತಿನಲ್ಲಿ ಅದರ ತೊಂದರೆ ಬೇರೆ ಬಗೆಯದು: ಉಪ್ಪುನೀರು ಸೇರಿದರೆ ಎರಡು ಲೋಹಗಳ ನಡುವೆ ವಿದ್ಯುತ್ ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಥ್ರೆಡ್‌ನಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ಬೋಲ್ಟು ಬರುವುದಿಲ್ಲ, ಬಂದರೆ ಥ್ರೆಡ್ಡನ್ನೂ ಎಳೆದುಕೊಂಡು ಬರುತ್ತದೆ. ಆ್ಯಂಟಿ ಸೀಜ್ ಪೇಸ್ಟ್ ತೆಳ್ಳಗೆ ಹಚ್ಚಿಯೇ ಹಾಕಬೇಕು.

ಕ್ರೋಮಿನದು ಇನ್ನೂ ಗಂಭೀರ ವಿಷಯ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿಗಳನ್ನು ಇಂದಿಗೂ ಮಕ್ಕಳಂತೆ ಸಾಕುವವರು ನಮ್ಮಲ್ಲಿದ್ದಾರೆ. ಹಳೆಯ ಗಾಡಿಯನ್ನು ಪೂರ್ತಿ ಬಿಚ್ಚಿ ಹೊಸದು ಮಾಡುವಾಗ ಬೋಲ್ಟುಗಳನ್ನೂ ಒಟ್ಟಿಗೆ ಪ್ಲೇಟಿಂಗಿಗೆ ಕೊಡುವ ರೂಢಿ ಇದೆ. ಆ್ಯಸಿಡ್ಡಿನಲ್ಲಿ ಅದ್ದಿ ವಿದ್ಯುತ್ ಹಾಯಿಸುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಮೆದು ಉಕ್ಕಿಗೆ ಇದರಿಂದ ಏನೂ ಆಗದು. 10.9, ಅದಕ್ಕಿಂತ ಹೆಚ್ಚಾಗಿ 12.9ರಂಥ ಗಟ್ಟಿ ಉಕ್ಕು ಮಾತ್ರ ಇದರಿಂದ ಪೆಡಸಾಗುತ್ತದೆ. ಬಿಗಿದು ಗಂಟೆಗಳೋ ದಿನಗಳೋ ಕಳೆದ ಮೇಲೆ, ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುತ್ತದೆ. ಒಳ್ಳೆಯ ಕಾರ್ಖಾನೆಗಳಲ್ಲಿ ಪ್ಲೇಟಿಂಗ್ ಆದ ಕೂಡಲೇ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಕಾಯಿಸಿ ಈ ಹೈಡ್ರೋಜನ್ನನ್ನು ಹೊರಹಾಕುತ್ತಾರೆ. ಬೀದಿಬದಿಯ ಪ್ಲೇಟಿಂಗ್ ಅಂಗಡಿಯಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ. ಭಾರ ಹೊರುವ ಬೋಲ್ಟುಗಳನ್ನು ಕ್ರೋಮಿಗೆ ಕೊಡಲೇಬೇಡಿ.

ಹಳೆಯ ಗಾಡಿಗಳ ಮಾತು ಬಂತು. ಯೆಜ್ಡಿ ಜೆಕ್ ಮೂಲದ್ದಾದ್ದರಿಂದ ಮೆಟ್ರಿಕ್ ಅಳತೆಯದು. ಹಳೆಯ ಬುಲೆಟ್ಟಿನದು ಬೇರೆ ಕಥೆ. 1955ರಲ್ಲಿ ಮದರಾಸಿನಲ್ಲಿ ಶುರುವಾದ ಬುಲೆಟ್ ಬ್ರಿಟಿಷ್ ವಿನ್ಯಾಸದ ಬೈಕು, ಥ್ರೆಡ್‌ಗಳೂ ಬ್ರಿಟಿಷ್ ಇಂಚಿನವು. ಅವುಗಳಲ್ಲಿ ಸೈಕಲ್ ಥ್ರೆಡ್ ಎಂಬುದು ಇಂಚಿಗೆ 26ರಂತೆ ಇರುತ್ತದೆ. 5/16 ಇಂಚು ಎಂದರೆ 7.94 ಮಿಲಿಮೀಟರ್, ಕಣ್ಣಿಗೆ ಎಂ8ರಂತೆಯೇ ಕಾಣುತ್ತದೆ. ಆದರೆ ಪಿಚ್ 0.98ರಷ್ಟು, ಎಂ8ರದು 1.25. ಎಂ8ನ್ನು ಅಲ್ಲಿ ತುರುಕಿದರೆ ಎರಡೂ ಹಾಳು. ಹೊಸ ಮಾದರಿಗಳು ಮೆಟ್ರಿಕ್‌ಗೆ ಬಂದಿವೆ. ಹಳೆಯ ಬುಲೆಟ್ ಕೊಂಡವರು ಮಾತ್ರ ಪ್ರತಿ ಬೋಲ್ಟನ್ನೂ ಅಳೆದೇ ನಂಬಬೇಕು, ಏಕೆಂದರೆ ಹಿಂದಿನ ಮಾಲೀಕರ ಕಾಲದಲ್ಲಿ ಯಾರು ಏನು ಹಾಕಿದ್ದಾರೋ ಹೊರಗಿನಿಂದ ತಿಳಿಯದು.

ಎಲ್ಲಿ ಕೊಳ್ಳುವುದು

ಬ್ರೇಕು, ಚಕ್ರ, ಸ್ಟೀರಿಂಗು, ಸ್ವಿಂಗ್‌ಆರ್ಮಿಗೆ ಸೇರಿದ ಬೋಲ್ಟು ಕಂಪನಿಯದೇ ಇರಲಿ. ಶೋರೂಮಿನ ಸ್ಪೇರ್ ಕೌಂಟರಿನಲ್ಲಿ ಪಾರ್ಟ್ ನಂಬರ್ ಕೊಟ್ಟರೆ ತರಿಸಿಕೊಡುತ್ತಾರೆ. ಈ ನಂಬರಿನಲ್ಲೇ ಅಳತೆ ಅಡಗಿರುವುದೂ ಉಂಟು. ಹೋಂಡಾದ 95701-06020 ಎಂದರೆ 6 ಮಿಲಿಮೀಟರ್ ದಪ್ಪ, 20 ಮಿಲಿಮೀಟರ್ ಉದ್ದದ ಫ್ಲ್ಯಾಂಜ್ ಬೋಲ್ಟು. ಬ್ರೇಕ್ ಹೋಸ್ ಸೇರುವ ಬ್ಯಾಂಜೊ ಬೋಲ್ಟಿನ ಒಳಗೆ ಎಣ್ಣೆ ಹರಿಯಲು ಕೊರೆದ ದಾರಿ ಇರುತ್ತದೆ, ಅದಕ್ಕೆ ಕಂಪನಿಯದರ ಹೊರತು ಬೇರೆ ಬದಲಿಯನ್ನು ಯೋಚಿಸಲೂಬೇಡಿ.

ಉಳಿದವಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳು ಇವೆ. ಟಿವಿಎಸ್, ಅನ್‌ಬ್ರಾಕೊದಂಥ ಹೆಸರು, ಗ್ರೇಡು ಎರಡೂ ತಲೆಯ ಮೇಲೆ ಕೆತ್ತಿರುವ ಬೋಲ್ಟನ್ನೇ ಕೇಳಿ. ಹಳೆಯ ಬೋಲ್ಟನ್ನು ಜೇಬಿನಲ್ಲಿ ಒಯ್ಯಿರಿ, ಅದಕ್ಕೆ ಕೂರುವ ನಟ್ಟೊಂದಿದ್ದರೆ ಅದನ್ನೂ. ನಟ್ಟು ಹೊಸ ಬೋಲ್ಟಿನ ಬುಡದವರೆಗೆ ಬೆರಳಿನಲ್ಲೇ ಸರಾಗವಾಗಿ ಓಡಿದರೆ ದುಡ್ಡು ಕೊಡಿ.

ಬಿಚ್ಚುವಾಗ, ಹಾಕುವಾಗ

ಬಿಚ್ಚಲು ಆರು ಮೂಲೆಯ ಸಾಕೆಟ್ ಅಥವಾ ರಿಂಗ್ ಸ್ಪ್ಯಾನರ್ ಬಳಸಿ. ಬಾಯಿ ತೆರೆದ ಸ್ಪ್ಯಾನರ್ ಎರಡೇ ಬದಿ ಹಿಡಿದು ಮೂಲೆಗಳನ್ನು ಸವೆಸುತ್ತದೆ. ಹಳೆಯ ಜಪಾನೀ ಎಂಜಿನ್ ಕವರುಗಳ ಸ್ಟಾರ್ ಸ್ಕ್ರೂಗಳಿಗೆ ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಸಾಧಾರಣ ಸ್ಕ್ರೂ ಡ್ರೈವರ್ ಜಾರಿ ತಲೆ ಕೆಡಿಸುತ್ತದೆ. ಹಿಡಿದುಕೊಂಡ ಬೋಲ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಸುಮ್ಮನಿರಿ. ಬೆಳಿಗ್ಗೆ ತಲೆಗೆ ಮೆಲ್ಲಗೆ ಎರಡು ಪೆಟ್ಟು ಕೊಟ್ಟು, ಮೊದಲು ಒಂದಿಷ್ಟು ಬಿಗಿಯುವ ದಿಕ್ಕಿಗೆ, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿ ನೋಡಿ. ಅವಸರಪಟ್ಟವರ ಬೋಲ್ಟೇ ತುಂಡಾಗುವುದು.

ತುಂಡಾಯಿತೆನ್ನಿ. ಮೇಲೆ ಸ್ವಲ್ಪ ಉಳಿದಿದ್ದರೆ ಅದರ ಮೇಲೊಂದು ನಟ್ಟಿಟ್ಟು ವೆಲ್ಡ್ ಮಾಡಿಸುವುದು ಉತ್ತಮ. ವೆಲ್ಡಿಂಗಿನ ಕಾವಿಗೇ ಹಿಡಿತ ಸಡಿಲಾಗುತ್ತದೆ, ನಟ್ಟನ್ನು ತಿರುಗಿಸಿದರೆ ತುಂಡು ಜೊತೆಗೆ ಬರುತ್ತದೆ. ಪೆಟ್ರೋಲ್ ಟ್ಯಾಂಕನ್ನೂ ಬ್ಯಾಟರಿಯನ್ನೂ ಮೊದಲು ತೆಗೆದಿಡಬೇಕು. ಸಣ್ಣ ಬೋಲ್ಟುಗಳಿಗೆ ಅಗ್ಗದ ಸ್ಕ್ರೂ ಎಕ್ಸ್‌ಟ್ರ್ಯಾಕ್ಟರ್ ನಾನು ಯಾರಿಗೂ ಹೇಳುವುದಿಲ್ಲ. ಅದು ಒಳಗೆ ಮುರಿದರೆ ಅದರಷ್ಟು ಗಟ್ಟಿಯಾದದ್ದನ್ನು ಕೊರೆಯಲು ಸಾಧಾರಣ ಡ್ರಿಲ್ ಬಿಟ್‌ಗೆ ಆಗುವುದಿಲ್ಲ.

ಹೊಸ ಬೋಲ್ಟು ಹಾಕುವ ಮೊದಲು ತೂತು ಶುಚಿಯಾಗಿರಬೇಕು. ಹಳೆಯ ಅಂಟು, ಮಣ್ಣು, ತುಕ್ಕನ್ನು ಅದೇ ಅಳತೆಯ ಟ್ಯಾಪ್ ಕೈಯಲ್ಲೇ ಮೆಲ್ಲಗೆ ತಿರುಗಿಸಿ ತೆಗೆಯಿರಿ, ಬ್ರೇಕ್ ಕ್ಲೀನರ್ ಸಿಂಪಡಿಸಿ, ಕನ್ನಡಕ ಹಾಕಿಕೊಂಡು ಗಾಳಿ ಹೊಡೆಯಿರಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಬೋಲ್ಟು ಇಳಿಯುವಾಗ ಅದಕ್ಕೆ ಹೋಗಲು ದಾರಿಯಿರುವುದಿಲ್ಲ; ಆ ಒತ್ತಡವೇ ಕೇಸನ್ನು ಸೀಳಬಲ್ಲದು.

ಬೋಲ್ಟನ್ನು ತೂತಿನ ಬಾಯಿಗೆ ನೆಟ್ಟಗೆ ಇಟ್ಟು ಮೊದಲು ಹಿಂದಕ್ಕೆ, ಬಿಚ್ಚುವ ದಿಕ್ಕಿಗೆ ತಿರುಗಿಸಿ. ಒಂದು ಕಡೆ ಬೆರಳಿಗೆ ‘ಟಕ್’ ಎಂದು ಇಳಿದದ್ದು ಗೊತ್ತಾಗುತ್ತದೆ. ಬೋಲ್ಟಿನ ಥ್ರೆಡ್‌ನ ತುದಿ ತೂತಿನ ಥ್ರೆಡ್‌ನ ಬಾಯಿಗೆ ಬಿದ್ದ ಗಳಿಗೆ ಅದು. ಅಲ್ಲಿಂದ ಮುಂದಕ್ಕೆ ತಿರುಗಿಸಿದರೆ ಓರೆಯಾಗಿ ಹತ್ತುವ ಪ್ರಮೇಯವೇ ಇಲ್ಲ. ಕನಿಷ್ಠ ಐದಾರು ಸುತ್ತು ಬೆರಳಿನಲ್ಲೇ ಹೋಗಬೇಕು. ಹೋಗದಿದ್ದರೆ ಸ್ಪ್ಯಾನರ್ ಮುಟ್ಟದೆ ಹೊರತೆಗೆದು ಕಾರಣ ಹುಡುಕಿ. ನಾಲ್ಕಾರು ಬೋಲ್ಟುಗಳ ಕವರಾದರೆ ಎಲ್ಲವನ್ನೂ ಕೈಯಲ್ಲಿ ಹಾಕಿದ ಮೇಲಷ್ಟೇ ಎದುರುಬದುರಾಗಿ, ಎರಡು ಮೂರು ಹಂತಗಳಲ್ಲಿ ಬಿಗಿಯುತ್ತ ಬನ್ನಿ.

ಎಷ್ಟು ಬಿಗಿಯಬೇಕು? ಬೈಕಿನ ಸರ್ವಿಸ್ ಮ್ಯಾನುಯಲ್ ಹೇಳಿದಷ್ಟು. ಅದು ಸಿಗದಿದ್ದರೆ ಅಂದಾಜಿಗೆ ಎಂ6ಕ್ಕೆ 10 ನ್ಯೂಟನ್ ಮೀಟರ್, ಎಂ8ಕ್ಕೆ 20ರಿಂದ 25. ಅಲ್ಯೂಮಿನಿಯಂ ಥ್ರೆಡ್ ಆದರೆ ಇದರ ಕೆಳಗಿನ ಅಂಚಿನಲ್ಲೇ ನಿಲ್ಲಿ. ಕಾರಿನ ಚಕ್ರಕ್ಕೆಂದು ಮಾಡಿದ ದೊಡ್ಡ ಟಾರ್ಕ್ ರೆಂಚಿನಿಂದ ಎಂ6 ಬಿಗಿಯಲಾಗದು, ಅದರ ಮಾಪನವೇ ಅಷ್ಟು ಕೆಳಗಿನಿಂದ ಶುರುವಾಗುವುದಿಲ್ಲ. 5ರಿಂದ 25 ನ್ಯೂಟನ್ ಮೀಟರಿನ ಸಣ್ಣ ರೆಂಚ್ ಒಂದಿದ್ದರೆ ಬೈಕಿನ ಅರ್ಧಕ್ಕಿಂತ ಹೆಚ್ಚು ಕೆಲಸ ಅದರಲ್ಲೇ ಮುಗಿಯುತ್ತದೆ. ಅದಿಲ್ಲದವರಿಗೆ ಒಂದು ಉಪಾಯ ಹೇಳುತ್ತೇನೆ. ಲಗೇಜ್ ತೂಗುವ ಕೊಕ್ಕೆಯ ತಕ್ಕಡಿಯನ್ನು ರಿಂಗ್ ಸ್ಪ್ಯಾನರಿನ ತುದಿಗೆ ಸಿಕ್ಕಿಸಿ, ಸ್ಪ್ಯಾನರಿಗೆ ನೇರ ಅಡ್ಡವಾಗಿ ಎಳೆಯಿರಿ. ಬೋಲ್ಟಿನ ಮಧ್ಯದಿಂದ ಕೊಕ್ಕೆಯವರೆಗೆ 12.5 ಸೆಂಟಿಮೀಟರ್ ಇದ್ದರೆ, ತಕ್ಕಡಿ 8 ಕಿಲೊ ತೋರಿಸಿದಾಗ ಸುಮಾರು 10 ನ್ಯೂಟನ್ ಮೀಟರ್ ಆಗಿರುತ್ತದೆ. ಹೀಗೆ ಕೆಲವು ಸಲ ಮಾಡಿದರೆ ಕೈಗೂ ಅಂದಾಜು ಸಿಗುತ್ತದೆ.

ಟಾರ್ಕಿನ ಅಂಕಿಗಳು ಒಣ, ಶುಚಿಯಾದ ಥ್ರೆಡ್‌ಗೆಂದು ಕೊಟ್ಟಿರುತ್ತಾರೆ, ಮ್ಯಾನುಯಲ್ ಬೇರೆ ಹೇಳದಿದ್ದರೆ. ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಘರ್ಷಣೆಯಲ್ಲೇ ಹೋಗಿ, ಬೋಲ್ಟನ್ನು ಎಳೆಯಲು ಉಳಿಯುವುದು ಒಂದು ಪಾಲಿನಷ್ಟೇ. ಎಣ್ಣೆ ಹಚ್ಚಿದರೆ ಈ ಲೆಕ್ಕ ಬದಲಾಗುತ್ತದೆ. ಎಣ್ಣೆ ಹಚ್ಚಿದ ಎಂ8ಕ್ಕೆ ಅದೇ 25 ನ್ಯೂಟನ್ ಮೀಟರ್ ಹಾಕಿದರೆ ಒತ್ತು 15,600ರಿಂದ ಸುಮಾರು 20,800ಕ್ಕೆ ಏರುತ್ತದೆ. ಗ್ರೀಸು, ಆ್ಯಂಟಿ ಸೀಜ್ ಹಚ್ಚಿದಾಗ ಟಾರ್ಕನ್ನು ನಾಲ್ಕನೇ ಒಂದು ಪಾಲಿನಷ್ಟು ಇಳಿಸುವುದು ಇದಕ್ಕಾಗಿ.

ಸಡಿಲಾಗದಂತೆ

ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ತೋರಿಸಿಕೊಟ್ಟದ್ದು ಹೀಗೆ: ಬೋಲ್ಟನ್ನು ತಾನೇ ಬಿಚ್ಚಿಕೊಳ್ಳುವಂತೆ ಮಾಡುವುದು ಮುಖ್ಯವಾಗಿ ಅಡ್ಡಕ್ಕೆ ನಡೆಯುವ ಅಲುಗಾಟ. ಹಿಡಿದ ಭಾಗಗಳು ಅಡ್ಡಡ್ಡ ಜಾರಿದಾಗೆಲ್ಲ ಥ್ರೆಡ್‌ನ ಘರ್ಷಣೆ ಒಂದು ಕ್ಷಣ ಇಲ್ಲವಾಗಿ ಬೋಲ್ಟು ಒಂದಿಷ್ಟು ಹಿಂದಕ್ಕೆ ತಿರುಗುತ್ತದೆ. ಹಾಗಾಗಿ ಸರಿಯಾದ ಟಾರ್ಕೇ ಮೊದಲ ಲಾಕು. ನಮ್ಮ ಗ್ಯಾರೇಜುಗಳು ನೆಚ್ಚಿಕೊಂಡ ಸ್ಪ್ರಿಂಗ್ ವಾಷರ್ ಪೂರ್ತಿ ಬಿಗಿದಾಗ ಚಪ್ಪಟೆಯಾಗಿ ಸಾದಾ ವಾಷರಿನಂತಾಗುತ್ತದೆ, ಆಗ ಅದಕ್ಕೆ ಲಾಕ್ ಮಾಡುವ ಶಕ್ತಿ ಉಳಿಯುವುದಿಲ್ಲ ಎಂದು ನಾಸಾದ 1990ರ ಫಾಸ್ಟನರ್ ಕೈಪಿಡಿಯೂ ಹೇಳುತ್ತದೆ. ಕಂಪನಿ ಹಾಕಿದ್ದರೆ ತೆಗೆಯಬೇಡಿ, ಆದರೆ ಅದನ್ನೇ ನಂಬಬೇಡಿ.

ಡಿಸ್ಕ್ ಬೋಲ್ಟು, ಸ್ಪ್ರಾಕೆಟ್ ಬೋಲ್ಟುಗಳಿಗೆ ಲಾಕ್‌ಟೈಟ್ 243ರಂಥ ನೀಲಿ ಬಣ್ಣದ, ಮಧ್ಯಮ ಬಲದ ಥ್ರೆಡ್ ಲಾಕರ್ ಸರಿ. ಜಿಡ್ಡು ಪೂರ್ತಿ ತೆಗೆದು ಒಂದೆರಡು ಹನಿ ಹಾಕಿದರೆ ಸಾಕು. ಪೂರ್ತಿ ಗಟ್ಟಿಯಾಗಲು ಒಂದು ದಿನ ಕೊಡಿ. ಕೆಂಪು ಬಣ್ಣದ್ದನ್ನು ಬಿಚ್ಚಬೇಕಾದರೆ 250 ಡಿಗ್ರಿಯಷ್ಟು ಕಾಯಿಸಬೇಕಾಗುತ್ತದೆ, ಎಂ6 ಬೋಲ್ಟಿಗೆ ಅದನ್ನು ಹಾಕುವುದು ತೂತಿಗೆ ಮಾಡುವ ಅನ್ಯಾಯ. ನೈಲಾಕ್ ನಟ್ಟು ಒಮ್ಮೆ ಬಿಚ್ಚಿದ ಮೇಲೆ ಹೊಸದಿರಲಿ. ಸೈಲೆನ್ಸರಿನ ಹತ್ತಿರ ಬೇಡ, ಅದರ ನೈಲಾನ್ ಶಾಖಕ್ಕೆ ಮೆದುವಾಗುತ್ತದೆ. ಹಿಂದಿನ ಆ್ಯಕ್ಸಲ್ಲಿನ ಸ್ಪ್ಲಿಟ್ ಪಿನ್ನನ್ನು ಬಗ್ಗಿಸಿ ನೆಟ್ಟಗೆ ಮಾಡಿ ಮತ್ತೆ ಹಾಕುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಮ್ಮೆ ಬಗ್ಗಿದ ಕಡೆಯೇ ಅದು ಮುರಿಯುವುದು, ಹೊಸದಕ್ಕೆ ಒಂದು ಚಹಾದ ಬೆಲೆಯೂ ಇಲ್ಲ. ಬ್ಯಾಂಜೊ ಬೋಲ್ಟಿನ ಎರಡೂ ಬದಿಯ ವಾಷರು, ಆಯಿಲ್ ಡ್ರೇನ್ ಬೋಲ್ಟಿನ ವಾಷರು ಸಹ ಪ್ರತಿ ಸಲ ಹೊಸದೇ ಇರಬೇಕು. ಎಣ್ಣೆ ಒಸರುತ್ತಿದೆ ಎಂದು ಡ್ರೇನ್ ಬೋಲ್ಟನ್ನು ಇನ್ನಷ್ಟು ಬಿಗಿದು ಬಿಗಿದೇ ಎಷ್ಟೋ ಎಂಜಿನ್‌ಗಳ ಥ್ರೆಡ್ ಹೋಗಿರುತ್ತದೆ.

ಹಾಗೆ ಥ್ರೆಡ್ ಹೋದ ತೂತಿಗೆ ಲೇತ್ ಅಂಗಡಿಯಲ್ಲಿ ಮೂರು ದಾರಿ ತೋರಿಸುತ್ತಾರೆ: ಒಂದು ಸೈಜ್ ದೊಡ್ಡ ಟ್ಯಾಪ್ ಹಾಕುವುದು, ವೆಲ್ಡ್ ತುಂಬಿ ಹೊಸದಾಗಿ ಕೊರೆಯುವುದು, ಹೆಲಿಕಾಯಿಲ್ ಹಾಕುವುದು. ಮೊದಲನೆಯದರಲ್ಲಿ ತೂತಿನ ಸುತ್ತ ಲೋಹ ತೆಳ್ಳಗಾಗುತ್ತದೆ, ಕವರಿನ ತೂತನ್ನೂ ದೊಡ್ಡದು ಮಾಡಬೇಕಾಗುತ್ತದೆ. ವೆಲ್ಡಿಂಗಿನ ಕಾವಿಗೆ ಕೇಸಿನ ಮುಖ ಸೊಟ್ಟಗಾಗುವ ಭಯವಿದೆ. ನಾನು ಹೆಲಿಕಾಯಿಲ್ ಪಕ್ಷ. ತೂತನ್ನು ಕೊಂಚ ಹಿಗ್ಗಿಸಿ, ಅದರದೇ ವಿಶೇಷ ಟ್ಯಾಪ್ ಹಾಕಿ, ಸ್ಟೇನ್‌ಲೆಸ್ ತಂತಿಯ ಸುರುಳಿಯನ್ನು ಒಳಗೆ ತಿರುಗಿಸಿದರೆ ಮೊದಲಿನದೇ ಅಳತೆಯ ಬೋಲ್ಟು ಕೂರುತ್ತದೆ. ಆ ಥ್ರೆಡ್ ಮೂಲ ಅಲ್ಯೂಮಿನಿಯಂ ಥ್ರೆಡ್‌ಗಿಂತಲೂ ಗಟ್ಟಿ. ಕೊರೆಯುವಾಗ ಡ್ರಿಲ್ ನೇರವಾಗಿರಬೇಕು, ಪುಡಿ ಎಂಜಿನ್ನಿನೊಳಗೆ ಬೀಳಬಾರದು. ಇವೆರಡನ್ನೂ ಕಾಳಜಿಯಿಂದ ಮಾಡುವವರನ್ನು ಹುಡುಕಿ, ಒಂದು ದಿನ ತಡವಾದರೂ ಚಿಂತೆಯಿಲ್ಲ.

ಎಲ್ಲ ಮುಗಿದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹಕ್ಕೆ ಬಿಳಿ ಪೇಂಟ್ ಮಾರ್ಕರಿನಲ್ಲಿ ಒಂದೇ ಗೆರೆ ಎಳೆಯಿರಿ. ನೂರು ಕಿಲೋಮೀಟರ್ ಓಡಿಸಿದ ನಂತರ, ಎಂಜಿನ್ ತಣ್ಣಗಿರುವಾಗ ನೋಡಿ. ಗೆರೆ ಕೂಡಿಕೊಂಡೇ ಇದ್ದರೆ ಮುಟ್ಟಬೇಡಿ. ಮುರಿದಿದ್ದರೆ ಬರೀ ಬಿಗಿದು ಬಿಡಬೇಡಿ: ಬೋಲ್ಟನ್ನು ಹೊರತೆಗೆದು, ಥ್ರೆಡ್ ಪರೀಕ್ಷಿಸಿ, ಉದ್ದವನ್ನು ಇನ್ನೊಮ್ಮೆ ಅಳೆದು, ಮೊದಲಿನಿಂದ ಹಾಕಿ.